ಬೇಲಿಯೊಳಗಿನ ಸಿಂಹ

ಪೊದೆಯ ಹಿಂದೆ ಬಿದ್ದಿದ್ದವನು ತನ್ನ ತಮ್ಮ ರೋಫಿವಾ ಎಂದು ಮುಲಾಲೊಗೆ ಗೊತ್ತಾಗಿದ್ದು ಮುಖದಿಂದಲ್ಲ, ಅವನ ರಬ್ಬರ್ ಬೂಟಿನ ತೇಪೆಯಿಂದ. ಹೋದ ತಿಂಗಳು ಅವಳೇ ಅಂಟಿಸಿಕೊಟ್ಟಿದ್ದ ತೇಪೆ. ಮೂವತ್ತು ಹೆಜ್ಜೆಯಾಚೆ ಹೊಂಡದ ಬಳಿ ಗುಂಡೇಟು ತಿಂದ ಗಂಡು ಸಿಂಹ ಮಲಗಿತ್ತು.

"ನಾವು ಬರೋ ಮುಂಚೆಯೇ ಸಿಂಹ ಹಿಡಿದುಬಿಟ್ಟಿದೆ, ಮುಲಾಲೊ," ಎಂದ ಬೇಟೆಯ ಮಾರ್ಗದರ್ಶಿ ನೀಲ್ಸ್. "ಡಾಮ್‌ಗಾರ್ಡ್ ಸಾಹೇಬರು ಸಿಂಹಕ್ಕೆ ಹೊಡೆದ ಮೇಲೇ ಇವನನ್ನ ನೋಡಿದ್ದು."

ಹಣ ಕೊಟ್ಟು ಬೇಟೆಗೆ ಬಂದಿದ್ದ ಡೆನ್ಮಾರ್ಕಿನ ಶ್ರೀಮಂತ ಡಾಮ್‌ಗಾರ್ಡ್ ಕೋವಿಯನ್ನು ನೆಲಕ್ಕೂರಿಕೊಂಡು ನಿಂತಿದ್ದರು. ಸಿಂಹದ ಬೇಟೆ ನಡೆಸುವ ಆ ಫಾರ್ಮಿನ ಒಡತಿ ಎಲ್ಸಬೆ ಮೇಡಂ ಆಗಷ್ಟೇ ಬಂದಿದ್ದರು. "ಪೊಲೀಸರಿಗೆ ಹೇಳಿದೀನಿ. ಹೊಳೆ ಸೇತುವೆ ಮೇಲೆ ಹರೀತಿದೆಯಂತೆ, ಎರಡು ದಿನ ಯಾರೂ ಬರೋಕಾಗಲ್ಲ."

ಮುಲಾಲೊ ಸುತ್ತ ನೋಡಿದಳು. ಮೂರು ಕಡೆ ಎರಡಾಳೆತ್ತರದ ವಿದ್ಯುತ್ ಬೇಲಿ, ನಾಲ್ಕನೆಯ ಕಡೆ ಕೆಂಪಾಗಿ ಉಕ್ಕುವ ಹೊಳೆ. ಉಳಿದ ಆಳುಗಳು ಭಾನುವಾರದ ರಜೆಗೆಂದು ಆಚೆ ದಡದ ಹಳ್ಳಿಗೆ ಹೋದವರು ಅಲ್ಲೇ ಸಿಕ್ಕಿಕೊಂಡಿದ್ದರು. ಒಳಗೆ ಉಳಿದಿದ್ದು ಈ ಮೂವರು, ಅಡುಗೆಯವಳಾದ ತಾನು, ಚರ್ಮ ಸುಲಿಯುವ ನೆಮುಕುಲ ಅಜ್ಜ. ಮತ್ತೆ ರೋಫಿವಾ.

ನೆಮುಕುಲ ಅಜ್ಜ ಶವದ ಪಕ್ಕ ಕುಕ್ಕರಗಾಲಲ್ಲಿ ಕೂತ. ಮೂವತ್ತು ವರ್ಷ ಚರ್ಮ ಸುಲಿದ ಕೈ ಅವನದು. ಹೋದ ವರ್ಷ ನೀರಿನ ಪಂಪು ಕದ್ದವನನ್ನು ಬರೀ ಚಪ್ಪಲಿಯ ಹೊಲಿಗೆ ನೋಡಿ ಹಿಡಿದುಕೊಟ್ಟಿದ್ದ. ರೋಫಿವಾನ ಕತ್ತಿನ ಮೇಲೆ ನಾಲ್ಕು ಗೀರುಗಳಿದ್ದವು. ಅಜ್ಜ ಅವುಗಳ ನಡುವಿನ ಅಂತರವನ್ನು ಬೆರಳಿನಿಂದ ಅಳೆದ. ಆಮೇಲೆ ಮುಲಾಲೊಳ ಸಹಾಯದಿಂದ ಶವವನ್ನು ಮಗುಚಿ, ಕೆಳಗಿನ ಮಣ್ಣನ್ನು ಚಿಟಿಕೆಯಲ್ಲಿ ಹಿಡಿದು ಉದುರಿಸಿದ. ಸುತ್ತಲೂ ಕಾಲು ಹೂತುಹೋಗುವ ಕೆಸರು. ಅವನ ಬೆರಳಿನಿಂದ ಉದುರಿದ್ದು ಪುಡಿಮಣ್ಣು.

"ಆ ಸಿಂಹನ್ನ ಬೇಗ ಸುಲಿದು ಉಪ್ಪು ಹಾಕು," ಎಂದರು ಮೇಡಂ. "ಬಿಸಿಲು ಏರ್ತಿದೆ."

"ಹಾಕ್ತೀನಿ ಮೇಡಂ," ಎಂದ ಅಜ್ಜ.

ತಮ್ಮನನ್ನು ತೊಳೆದು, ಬಿಳಿ ಬಟ್ಟೆ ಹೊದಿಸಿ, ಮುಲಾಲೊ ಸುಲಿಯುವ ಕೊಟ್ಟಿಗೆಗೆ ಬಂದಳು. ಒಬ್ಬಳೇ ಕೂರಲು ಅವಳಿಗೆ ಧೈರ್ಯವಿರಲಿಲ್ಲ.

"ನಿನ್ನೆ ರಾತ್ರಿ ಅವನು ನಿನ್ನ ಹತ್ರ ಏನಂದ?" ಅಜ್ಜ ಕೈಕೆಲಸ ನಿಲ್ಲಿಸದೆ ಕೇಳಿದ.

"ನೀನೂ ಅಲ್ಲೇ ಊಟ ಮಾಡ್ತಿದ್ದೆಯಲ್ಲ ಅಜ್ಜ."

"ನನ್ನ ಕಿವಿ ಮಂದ. ನೀನು ಹೇಳು."

"ನಾಳೆ ಹಾರನ್ ಹೊಡೆಯಲ್ಲ ಅಂದ. ಸಾಹೇಬರಿಗೆ ನಿಜ ಹೇಳ್ತೀನಿ ಅಂದ. ನಾನು ಬೈದೆ. ಕೆಲಸ ಹೋದ್ರೆ ಈ ಮನೇನೂ ಹೋಗುತ್ತೆ, ಎಲ್ಲಿಗೆ ಹೋಗೋಣ, ಬಾಯಿ ಮುಚ್ಕೊಂಡಿರು ಅಂದೆ." ಅವಳು ಉಪ್ಪಿನ ಚೀಲವನ್ನು ಅಜ್ಜನ ಹತ್ತಿರ ಸರಿಸಿದಳು. "ಎಂಟೂವರೆಗೆ ಕೋಳಿಯ ಚೀಲ ಹೊತ್ಕೊಂಡು ಹೋದ. ರಾತ್ರಿ ಬರಲಿಲ್ಲ. ಮೇವಿನ ಗುಡಿಸಲಲ್ಲಿ ಮಲಗಿರ್ತಾನೆ ಅಂದ್ಕೊಂಡೆ. ಬೆಳಿಗ್ಗೆ ಆರಕ್ಕೆ ಹಾರನ್ ಕೇಳಿಸ್ತು. ಸದ್ಯ, ನನ್ನ ಮಾತು ಕೇಳಿದ ಅಂತ ಸಮಾಧಾನ ಆಯ್ತು."

ಅಜ್ಜನ ಚಾಕು ನಿಂತಿತು. "ಆ ಹಾರನ್ ನಾನೂ ಕೇಳಿದೆ, ಮಗಳೇ. ನಾಲ್ಕು ಗಂಟೆಗೆ ಎಲ್ಲರನ್ನೂ ಇಲ್ಲಿಗೆ ಕರಿ."

ಎಲ್ಲರೂ ಬಂದರು. ಮೇಡಂ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತರು.

"ಸಾಹೇಬ್ರೆ, ಇದು ಎಂಥ ಸಿಂಹ ಅಂತ ನಿಮಗೆ ಹೇಳಿದ್ರು?" ಅಜ್ಜ ಕೇಳಿದ.

"ಕಾಡಿನದು. ಹೊಳೆಯಾಚೆಯ ಅಭಯಾರಣ್ಯದಿಂದ ಬಂದದ್ದು," ಎಂದರು ಡಾಮ್‌ಗಾರ್ಡ್. "ಐದು ದಿನ ಕಾಲ್ನಡಿಗೆಯಲ್ಲಿ ಅದರ ಹೆಜ್ಜೆಯ ಜಾಡು ಹಿಡಿದು ಹೋದೆ."

ಅಜ್ಜ ಸಿಂಹದ ಮುಂಗಾಲೆತ್ತಿದ. "ಮೊಣಕೈ ನೋಡಿ. ಕೂದಲುದುರಿ ಜಡ್ಡುಗಟ್ಟಿದೆ. ಸಿಮೆಂಟಿನ ಮೇಲೆ ಮಲಗಿ ಬೆಳೆದದ್ದು ಇದು. ಉಗುರೂ ಮೊಂಡು. ಹೊಟ್ಟೇಲಿ ಪುಕ್ಕದ ಸಮೇತ ಹನ್ನೊಂದು ಕೋಳಿ. ದೊಡ್ಡೀಲಿ ಸಾಕಿದ್ದನ್ನ ತಂದು ಈ ಬೇಲಿಯೊಳಗೆ ಬಿಟ್ಟಿದಾರೆ. ಹಾರನ್ ಕೇಳಿದ್ರೆ ಊಟ ಬಂತು ಅಂತ ಹೊರಗೆ ಬರೋದು ಇದರ ಅಭ್ಯಾಸ."

ನೀಲ್ಸ್ ತಲೆ ತಗ್ಗಿಸಿದ. "ಅದೊಂದು ನಿಜ. ಹೊಸದಾಗಿ ಹೆಜ್ಜೆ ಮೂಡಿಸೋಕೆ ದಿನಾ ಬೇರೆ ಬೇರೆ ಜಾಗದಲ್ಲಿ ರೋಫಿವಾನ ಕೈಲಿ ಕೋಳಿ ಹಾಕಿಸ್ತಿದ್ವಿ, ಹಾರನ್ನೂ ಅವನೇ ಹೊಡೀತಿದ್ದ. ಮೋಸ ಮಾಡಿದೀನಿ. ಕೊಲೆ ಮಾಡಿಲ್ಲ, ಸಿಂಹವೇ..."

"ಸಿಂಹ ಮುಟ್ಟಿಲ್ಲ. ಉಗುರಲ್ಲಿ, ಬಾಯಲ್ಲಿ ಮನುಷ್ಯನ ರಕ್ತದ ಗುರುತೇ ಇಲ್ಲ. ಪಂಜಾದ ಗೀರು ಬೀಸಣಿಗೆ ಥರ ಅಗಲ ಆಗ್ತಾ ಹೋಗುತ್ತೆ. ರೋಫಿವಾನ ಕತ್ತಿನ ಗೀರುಗಳು ಗೆರೆಪಟ್ಟಿ ಇಟ್ಟು ಎಳೆದಂಗೆ ಒಂದೇ ಸಮ ಇವೆ. ತೋಟದಲ್ಲಿ ಎಲೆ ಗೋರೋ ಕುಂಟೆಯ ಹಲ್ಲು ಹಂಗಿರುತ್ತೆ. ತಲೆಬುರುಡೆ ಹಿಂದೆ ಒಡೆದಿದೆ. ಮೊದಲು ಅದು, ಆಮೇಲೆ ಗೀರು."

ಮುಲಾಲೊ ಅಜ್ಜನ ಪಕ್ಕಕ್ಕೆ ಬಂದು ನಿಂತಳು.

"ಮಳೆ ಶುರುವಾಗಿದ್ದು ನಿನ್ನೆ ರಾತ್ರಿ ಒಂಬತ್ತಕ್ಕೆ, ನಿಂತಿದ್ದು ಬೆಳಗಿನ ಜಾವ," ಅಜ್ಜ ಮುಂದುವರಿಸಿದ. "ಶವದ ಕೆಳಗಿನ ಮಣ್ಣು ಪುಡಿಪುಡಿ ಒಣಗಿತ್ತು. ಅಂದ್ರೆ ಮಳೆ ಬರೋ ಮುಂಚೆಯೇ ಅವನು ಅಲ್ಲಿ ಬಿದ್ದಿದ್ದ. ಮುಲಾಲೊ, ಎಂಟೂವರೆಯಿಂದ ಒಂಬತ್ತರವರೆಗೆ ಯಾರು ಎಲ್ಲಿದ್ರು?"

"ನೀಲ್ಸ್ ಅಣ್ಣ, ಸಾಹೇಬರು ಜಗಲೀಲಿ ಇಸ್ಪೀಟಾಡ್ತಿದ್ರು. ಹತ್ತರವರೆಗೂ ನಾನೇ ಕಾಫಿ ಕೊಡ್ತಿದ್ದೆ. ನೀನು ಅಡುಗೆಮನೇಲಿ ನನ್ನ ಕಣ್ಣೆದುರೇ ಇದ್ದೆ." ಅವಳು ನಿಧಾನವಾಗಿ ಬಾಗಿಲತ್ತ ತಿರುಗಿದಳು. "ಮೇಡಂ ತಲೆನೋವು ಅಂತ ಎಂಟಕ್ಕೇ ಎದ್ದು ಹೋದ್ರು."

"ಹಂಗಾದ್ರೆ ಆರಕ್ಕೆ ಹಾರನ್ ಹೊಡೆದಿದ್ದು ಯಾರು? ಸತ್ತವನು ಹೊಡೆಯಲ್ಲ. ನೀಲ್ಸ್, ಸಾಹೇಬರು ಒಟ್ಟಿಗೇ ಇದ್ರು. ನಾವಿಬ್ಬರು ಒಲೆ ಮುಂದೆ ಇದ್ವಿ. ಹೊಡೆಯಬೇಕಾದವನು ಬರಲ್ಲ ಅಂತ ಗೊತ್ತಿದ್ದವರು ಮಾತ್ರ ಆ ಕೆಲಸಕ್ಕೆ ಹೋಗ್ತಾರೆ."

"ಏಳಕ್ಕೆ ಎದ್ದವಳು ನಾನು," ಎಂದರು ಎಲ್ಸಬೆ.

"ಇಲ್ಲ ಎಲ್ಸಬೆ," ಎಂದ ನೀಲ್ಸ್. "ಐದೂಮುಕ್ಕಾಲಿಗೆ ವೈರ್‌ಲೆಸ್ಸಲ್ಲಿ ಎರಡು ಸಲ ಕರೆದೆ, ಯಾರೂ ಎತ್ತಲಿಲ್ಲ. ನೀವು ಮನೇಲಿ ಇರಲಿಲ್ಲ."

ಎಲ್ಸಬೆ ಕರವಸ್ತ್ರ ಮಡಚಿದರು. "ನಿನ್ನೆ ಸಂಜೆ ಬಂದು, ಸಾಹೇಬರಿಗೆ ಎಲ್ಲಾ ಹೇಳ್ತೀನಿ ಅಂದ. ಆ ಸಿಂಹನ್ನ ಆಡಿಸಿ ಬೆಳೆಸಿದ್ನಂತೆ, ಮರಿಯಾಗಿದ್ದಾಗಿಂದ. ಬೇಡ ಅಂತ ಕೇಳ್ಕೊಂಡೆ, ರಾತ್ರಿ ಹೊಂಡದ ಹತ್ರಕ್ಕೂ ಹೋಗಿ ಕೇಳ್ಕೊಂಡೆ. ಅವನು ನನ್ನ ಕಡೆ ಬೆನ್ನು ತಿರುಗಿಸಿ ಕೋಳಿ ಎಸೀತಾ ಇದ್ದ." ಅವರು ಮುಲಾಲೊ ಕಡೆ ನೋಡಿದರು. "ಈ ಫಾರ್ಮು ಹೋದ್ರೆ ನಿಮಗೂ ಗತಿಯಿಲ್ಲ, ಅದು ನೆನಪಿರಲಿ."

ನಿನ್ನೆ ರಾತ್ರಿ ಮುಲಾಲೊ ತಮ್ಮನಿಗೆ ಹೇಳಿದ್ದೂ ಇದೇ ಮಾತು.

ಯಾರೂ ಎಲ್ಸಬೆಯನ್ನು ಕಟ್ಟಿಹಾಕಲಿಲ್ಲ. ಓಡುವುದಾದರೂ ಎಲ್ಲಿಗೆ? ಎರಡು ದಿನ ಐದು ಜನ ಅದೇ ಬೇಲಿಯೊಳಗೆ, ಒಬ್ಬರ ಹೆಜ್ಜೆಸಪ್ಪಳಕ್ಕೆ ಒಬ್ಬರು ಕಿವಿಗೊಟ್ಟು ಕಳೆದರು. ಕೋವಿಗಳಿದ್ದ ಪೆಟ್ಟಿಗೆಯ ಬೀಗದ ಕೈ ಅಜ್ಜನ ಸೊಂಟದಲ್ಲಿತ್ತು. ಮುಲಾಲೊ ಮೆಕ್ಕೆಜೋಳದ ಮುದ್ದೆ ಬೇಯಿಸಿ ಎಲ್ಲರಿಗೂ ಇಟ್ಟಳು. ಎಲ್ಸಬೆಯ ತಟ್ಟೆಯನ್ನು ಮಾತ್ರ ಅಜ್ಜ ಒಯ್ದ.

ಮೂರನೆಯ ದಿನ ಪೊಲೀಸರು ದೋಣಿಯಲ್ಲಿ ಬಂದರು. ಡಾಮ್‌ಗಾರ್ಡ್ ಜಗಲಿಯಲ್ಲಿ ಕೂತು ಹೇಳಿಕೆ ಬರೆಯುತ್ತಿದ್ದರು. ಅಜ್ಜ ಅವರೆದುರು ನಿಂತ.

"ಸಾಹೇಬ್ರೆ, ನೀವು ಮೂವತ್ತು ವರ್ಷದಿಂದ ಬೇಟೆಯಾಡೋರು. ಗುಂಡು ಹಾರಿಸೋ ಮುಂಚೆ ಸಿಂಹ ಏನು ಮಾಡ್ತು?"

"ನನ್ನ ಕಡೆ ನಡೆದು ಬಂತು. ನಿಂತು ನೋಡಿತು."

"ಆಗ ನಿಮಗೆ ಗೊತ್ತಾಗಲಿಲ್ವಾ?"

ಡಾಮ್‌ಗಾರ್ಡ್ ಪೆನ್ನು ಕೆಳಗಿಟ್ಟರು. "ಗೊತ್ತಾಯ್ತು. ಆದರೂ ಹೊಡೆದೆ."

"ಅದನ್ನೂ ಬರೀರಿ," ಎಂದು ಅಜ್ಜ ಹೊರಟುಹೋದ.

ಅವರು ಅದನ್ನೂ ಬರೆದರು. ಆಮೇಲೆ ಮುಲಾಲೊ ಕಡೆ ನೋಡಿ, "ನಿಮ್ಮ ತಮ್ಮನ ಹೆಸರು ಹೇಗೆ ಬರೀತಾರೆ? ಐದು ದಿನ ಜೊತೆಗಿದ್ದೆ, ಕೇಳಲೇ ಇಲ್ಲ," ಎಂದರು.

ಅವಳು ಒಂದೊಂದೇ ಅಕ್ಷರ ಹೇಳಿದಳು. ಅವರು ಬರೆದದ್ದನ್ನು ಬಗ್ಗಿ ನೋಡಿದಳು, ತಪ್ಪಾಗಿದ್ದ ಒಂದು ಅಕ್ಷರವನ್ನು ತಿದ್ದಿಸಿದಳು.

"ನಮ್ಮ ಭಾಷೇಲಿ ಆ ಹೆಸರಿಗೆ, ನಮಗೆ ಕೊಟ್ಟಿದ್ದಾರೆ ಅಂತ ಅರ್ಥ," ಎಂದಳು ಮುಲಾಲೊ.