ಗ್ರಾನ್ಯಾಳ ಸರದಿ

"ಈ ವಸಂತದ ಮನೆಪೂಜೆ ಗುರುವಾರ, ಫಿಂಟನ್ ಡೂಲನ್ ಮನೆಯಲ್ಲಿ."

ಭಾನುವಾರ ಚರ್ಚಿನಲ್ಲಿ ಫಾದರ್ ಕಾರ್ಮಕ್ ಹೀಗೆಂದಾಗ ಗ್ರಾನ್ಯಾಳಿಗೆ ಮೈಯೆಲ್ಲ ಉರಿದುಹೋಯಿತು. ಪಾದ್ರಿಗಳು ಮನೆಗೇ ಬಂದು, ಅಡುಗೆಮನೆಯ ಮೇಜಿನ ಮೇಲೆ ಪೂಜೆ ಮಾಡುವ ಸರದಿ ಈ ಸಲ ಅವಳದು. ಹನ್ನೊಂದು ವರ್ಷ ಕಾದಿದ್ದಳು. ಗೋಡೆಗೆ ಸುಣ್ಣ ಹೊಡೆದಾಗಿತ್ತು.

"ಶನಿವಾರ ಊರು ಬಿಡ್ತಿದ್ದೀಯ, ಗಂಟುಮೂಟೆ ಕಟ್ಟೋದೇ ಆಗುತ್ತೆ. ಅದಕ್ಕೇ ಪಕ್ಕದ ಮನೆಗೆ ದಾಟಿಸಿದೆ ಕಣಮ್ಮ," ಎಂದರು ಫಾದರ್.

ನಿಜ, ಲಿವರ್‌ಪೂಲಿನ ಅಕ್ಕನ ಮನೆಗೆ ಹೊರಟಿದ್ದಳು, ಮತ್ತೆ ಬರದ ಹಾಗೆ. ಅದಕ್ಕೆ ಕಾರಣ ಆ ಪಕ್ಕದ ಮನೆಯವನೇ. ಫಿಂಟನ್ ಕಲ್ಲುಗೋಡೆಯಾಚೆ ನಿಂತು ಕುರಿ, ಮೋಡ, ಗೊಬ್ಬರ ಎಂದು ಗಂಟೆಗಟ್ಟಲೆ ಮಾತಾಡುತ್ತಿದ್ದ. ಮನಸ್ಸಿನ ಮಾತು ಮಾತ್ರ ಐದು ವರ್ಷದಿಂದ ಗಂಟಲು ದಾಟಿರಲಿಲ್ಲ. ಎಷ್ಟು ದಿನ ಅಂತ ಕಾಯುವುದು?

ಜಗಳ ಆಡಲೆಂದೇ ಅವನ ಮನೆಗೆ ಹೋದಳು. ಅವನ ತಾಯಿ ತೀರಿಕೊಂಡ ಮೇಲೆ ಹೊರಗಿನವರು ಯಾರೂ ತುಳಿಯದ ಹೊಸ್ತಿಲು ಅದು. ಫಿಂಟನ್ ಬ್ರಷ್ ಹಿಡಿದು ಬಾಗಿಲಿಗೆ ನೀಲಿ ಬಣ್ಣ ಬಳಿಯುತ್ತಿದ್ದ.

"ಹುಬ್ಬಿಗೂ ಬಳ್ಕೊಂಡಿದ್ದೀಯಲ್ಲೋ! ಫಾದರ್ ಅದನ್ನೂ ನೋಡ್ತಾರಾ?"

"ಊರೇ ಬರುತ್ತೆ ಗ್ರಾನ್ಯಾ. ನನಗೆ ಒಂದು ಬ್ರೆಡ್ ಬೇಯಿಸಕ್ಕೂ ಬರಲ್ಲ."

ಅವಳ ಸಿಟ್ಟು ಜರ್ರನೆ ಇಳಿಯಿತು. ಏಪ್ರನ್ನಿನ ತುದಿಯಿಂದ ಅವನ ಹುಬ್ಬು ಒರೆಸಿದಳು. ಅವನು ಉಸಿರು ಬಿಗಿಹಿಡಿದು ನಿಂತ. ಏನೋ ಹೇಳುತ್ತಾನೆ ಎಂದು ಅವಳು ಕಣ್ಣೆತ್ತಿ ನೋಡಿದಳು.

"ಮಳೆ ಬರೋ ಹಾಗಿದೆ," ಎಂದ ಫಿಂಟನ್.

ಅವಳು ಬ್ರಷ್ ಕಿತ್ತುಕೊಂಡು ಮಿಕ್ಕ ಬಾಗಿಲಿಗೆ ತಾನೇ ಬಣ್ಣ ಬಳಿದಳು. ಬುಧವಾರ ಬ್ರೆಡ್ಡೂ ಬೇಯಿಸಿಕೊಟ್ಟಳು.

ಗುರುವಾರ ಬೆಳಿಗ್ಗೆ ಆ ಪುಟ್ಟ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜೆ ಮುಗಿದು ತಿಂಡಿಯ ಹೊತ್ತಾಯಿತು. ಊರಿನ ಪದ್ಧತಿಯಂತೆ ಪಾದ್ರಿಗಳಿಗೆ ಮೊದಲ ಕಪ್ ಟೀ ಸುರಿಯಬೇಕಾದವಳು ಮನೆಯೊಡತಿ. ಬೇರೆ ಯಾರೂ ಟೀ ಪಾತ್ರೆ ಮುಟ್ಟುವಂತಿಲ್ಲ. ಈ ಮನೆಯಲ್ಲಿ ಹೆಂಗಸೇ ಇಲ್ಲ. ಫಿಂಟನ್ನೇ ಅದನ್ನು ಎತ್ತಿಕೊಂಡ. ಮುಚ್ಚಳ ಕಟಕಟ ಎನ್ನುತ್ತಿತ್ತು.

ಫಾದರ್ ಸರದಿಯ ಪುಸ್ತಕ ತೆರೆದರು. "ಮುಂದಿನ ಸಲ ಯಾರ ಮನೆ? ನಿಜ ಹೇಳಬೇಕಂದ್ರೆ ಗ್ರಾನ್ಯಾದು. ಆದರೆ ಅವಳು ಇರಲ್ಲ..."

"ಇರಲಿ ಫಾದರ್." ಫಿಂಟನ್‌ನ ಕಿವಿ ಕೆಂಪಾಗಿತ್ತು. "ಅಂದ್ರೆ, ಅವಳು ಇರಲಿ ಅಂತ. ಗ್ರಾನ್ಯಾ, ಹೋಗಬೇಡ ಕಣೇ. ನೀನಿಲ್ಲದೆ ನನಗೆ ಆಗಲ್ಲ."

ಎಲ್ಲರ ಕಣ್ಣೂ ಅವಳ ಮೇಲೆ.

"ಐದು ವರ್ಷ ಬಾಯಿಗೆ ಬೀಗ ಹಾಕ್ಕೊಂಡು, ಈಗ ಊರೋರ ಮುಂದೇ ಹೇಳಬೇಕಿತ್ತಾ?" ಗ್ರಾನ್ಯಾಳ ದನಿ ಒಡೆಯಿತು.

"ಬೇಗ ಏನಾದ್ರೂ ಹೇಳಮ್ಮ, ಟೀ ಆರ್ತಿದೆ!" ಎಂದಳು ಬಾಗಿಲ ಬಳಿಯ ಟೂಹಿ ಅಜ್ಜಿ.

ಗ್ರಾನ್ಯಾ ಪಾದ್ರಿಗಳ ಕಡೆ ತಿರುಗಿದಳು. "ಫಾದರ್, ಮುಂದಿನ ಸಲ ನನ್ನ ಮನೆ ಖಾಲಿ ಇರುತ್ತೆ. ಬರ್ಕೊಳ್ಳಿ."

ಫಿಂಟನ್ ತಲೆ ತಗ್ಗಿಸಿದ. ಗ್ರಾನ್ಯಾ ಎದ್ದು ಬಂದು ಅವನ ಕೈಯಿಂದ ಟೀ ಪಾತ್ರೆ ತೆಗೆದುಕೊಂಡಳು. ಫಾದರ್ ಕಾರ್ಮಕ್‌ರ ಕಪ್ಪಿಗೆ ಒಂದು ಹನಿಯೂ ಚೆಲ್ಲದಂತೆ ಸುರಿದಳು.

"ನನ್ನ ಸರದೀನೂ ಇಲ್ಲೇ ಮಾಡ್ಕೊಳ್ಳೋಣ," ಎಂದಳು. "ಸಕ್ಕರೆ ಎಷ್ಟು ಹಾಕಲಿ?"