ಕೊನೇ ಬೆಂಚಿನ ಅತ್ತೆ

"ಇವತ್ತೂ ಚರ್ಚಿಗೆ ಹೋದ್ರೆ ನಿನ್ನ ಹೆಂಡ್ತಿ ವಾಪಸ್ ಬರೋದೇನೂ ಬೇಡ ಅಂತ ಹೇಳ್ಬಿಡು."

ಮುನಿಗಂಗಮ್ಮ ಮಗನಿಗೆ ಹೀಗೆ ಹೇಳುವಾಗ ಸೊಸೆ ಸಲೋಮಿ ಮೂರಡಿ ಆಚೆಯಲ್ಲೇ ಇಡ್ಲಿ ಪಾತ್ರೆ ಇಳಿಸುತ್ತಿದ್ದಳು. ಮೂರು ತಿಂಗಳ ಹಿಂದಿನ ಮಹಾಲಯ ಅಮಾವಾಸ್ಯೆಯಿಂದ ಅತ್ತೆಯ ಮಾತೆಲ್ಲ ಮಗ ಮುನೀಂದ್ರನ ಮೂಲಕವೇ. ಈ ಸಲ ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಬೆಳಗ್ಗೆಯೇ ಅಡುಗೆ ಮುಗಿಸಿಟ್ಟು ಆರಾಧನೆಗೆ ಹೋದ ಸಲೋಮಿ ಬರುವುದು ತಡವಾಗಿ, ತೀರಿಹೋದ ಮಾವನಿಗೆ ಎಡೆ ಇಡುವ ಹೊತ್ತು ಮೀರಿತು. ಆ ಮನೆಯಲ್ಲಿ ಎಡೆ ಬಡಿಸಬೇಕಾದವಳು ಸೊಸೆಯೇ. "ಸತ್ತೋರನ್ನೂ ಕಾಯಿಸೋಳು ಇದ್ದೋರನ್ನ ನೋಡ್ತಾಳಾ?" ಎಂದು ನೆಂಟರೆದುರೇ ಅಂದುಬಿಟ್ಟಿದ್ದರು ಮುನಿಗಂಗಮ್ಮ.

ಸಲೋಮಿ ಕೈ ಒರೆಸಿಕೊಂಡು ಮೆಲ್ಲಗೆ ಹೇಳಿದಳು: "ವಾರವೆಲ್ಲ ಏನು ಹೇಳಿದ್ರೂ ಮಾಡ್ತೀನಿ ಅತ್ತೆ. ಭಾನುವಾರದ ಆ ಎರಡು ಗಂಟೆ ಮಾತ್ರ ಕೇಳ್ಬೇಡಿ." ಹೇಳಿ, ಹೊರಟೇಬಿಟ್ಟಳು.

ಮುನಿಗಂಗಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವೇ ಕೆರಳಿತು. ವಾಪಸ್ ಬರಬೇಡ ಅಂದರೂ ತಪ್ಪಿಸದೆ ಹೋಗುವಂಥದ್ದು ಅಲ್ಲೇನಿದೆ? ತನ್ನ ಮೇಲೆ ಚಾಡಿ ಹೇಳುತ್ತಾಳೋ? ತಡೆಯಲಾರದೆ ಲಿಂಗರಾಜಪುರದ ಸರ್ಕಲ್ಲಿನಲ್ಲಿ ಅವಳು ಹತ್ತಿದ ಆಟೋ ಹಿಂದೆಯೇ ತಾವೂ ಒಂದು ಆಟೋ ಹತ್ತಿದರು.

ಚರ್ಚಿನ ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟರು. ಅಲ್ಲಿದ್ದದ್ದು ಅವರದೊಂದೇ ಜೊತೆ! ಒಳಗೆ ಎಲ್ಲ ಇಂಗ್ಲಿಷೇ ಇರುತ್ತದೆ ಎಂದುಕೊಂಡಿದ್ದರೆ, ಅಚ್ಚ ಕನ್ನಡದ ಹಾಡು ಕೇಳುತ್ತಿತ್ತು. ಕೊನೇ ಬೆಂಚಿನ ಅಜ್ಜಿಯೊಬ್ಬರು ಸರಿದು ಜಾಗ ಕೊಟ್ಟರು. ನಾಲ್ಕು ಬೆಂಚು ಮುಂದೆ ಸಲೋಮಿ ಕೂತಿದ್ದಳು.

ಸ್ವಲ್ಪ ಹೊತ್ತಿಗೆ ಜನ ಸಾಲುಸಾಲಾಗಿ ಎದ್ದು ಮುಂದೆ ಹೋಗಿ ಮಂಡಿಯೂರತೊಡಗಿದರು. ಸಭಾಪಾಲಕರು ಒಬ್ಬೊಬ್ಬರ ಅಂಗೈಗೂ ಏನೋ ಕೊಡುತ್ತಿದ್ದರು. ಸಲೋಮಿ ಮಾತ್ರ ಕಾಲು ಓರೆ ಮಾಡಿ ಪಕ್ಕದವರಿಗೆಲ್ಲ ದಾರಿ ಬಿಟ್ಟು ತಾನೊಬ್ಬಳೇ ತಲೆ ತಗ್ಗಿಸಿ ಕೂತಳು...

ಅವಳ್ಯಾಕೆ ಹೋಗಲಿಲ್ಲ ಎಂದು ಮುನಿಗಂಗಮ್ಮ ಪಿಸುಗುಟ್ಟಿದರು.

"ಮನೇಲಿ ಯಾರ ಜೊತೆಗೋ ಮನಸ್ತಾಪವಂತೆ. ಅದು ತೀರೋವರೆಗೂ ಕರ್ತನ ಭೋಜನಕ್ಕೆ, ಈ ಯೇಸುಸ್ವಾಮಿಯ ಪಂಕ್ತಿ ಊಟಕ್ಕೆ, ಕೈ ಒಡ್ಡಲ್ಲ ಅಂತಾಳೆ," ಎಂದರು ಅಜ್ಜಿ. "ಮೂರು ತಿಂಗಳಾಯ್ತು, ಪಾಪ. ಒಂದು ವಾರಾನೂ ತಪ್ಪಿಸಿಲ್ಲ, ಬಂದು ಹಿಂಗೇ ಕೂತಿರ್ತಾಳೆ."

"ಯಾರ ಜೊತೆಯಂತೆ?"

"ಹೆಸರು ಹೇಳ್ಲಿಲ್ಲಮ್ಮ. ತಪ್ಪು ನಂದೇ, ಅವರನ್ನ ಕಾಯಿಸ್ಬಿಟ್ಟೆ ಅಂದ್ಲು, ಅಷ್ಟೇ."

ರಾಗಿ ಕುಯ್ಯುವ ಕಾಲದಲ್ಲಿ ಹೊಲಕ್ಕೆ ಬಂದ ಆಳನ್ನೂ ಪಂಕ್ತಿಯಲ್ಲಿ ಕೂರಿಸದೆ ತಾವು ಉಂಡವರಲ್ಲ ಮುನಿಗಂಗಮ್ಮ. ಅಂಥ ಮನೆಯ ಸೊಸೆ ಊರವರೆಲ್ಲ ಸೇರಿದ ಪಂಕ್ತಿಯ ಹೊರಗೆ ಒಬ್ಬಳೇ ಉಳಿದಿದ್ದಾಳೆ... ಅದೂ ತನ್ನಿಂದ! ಎದ್ದರು. ಬರಿಗಾಲಲ್ಲೇ ನಡುವಿನ ದಾರಿಯಲ್ಲಿ ನಡೆದು ಅವಳ ಪಕ್ಕ ಕೂತರು. ಸಲೋಮಿ ಬೆಚ್ಚಿದಳು.

"ಎಲ್ರೂ ಊಟಕ್ಕೆ ಎದ್ದಿರೋವಾಗ ನೀನೊಬ್ಳೇ ಕೂತ್ರೆ ಮರ್ಯಾದೆ ಯಾರ್ದಮ್ಮ ಹೋಗೋದು? ನಾನೂ ಆಡಬಾರದ್ದು ಆಡ್ಬಿಟ್ಟೆ. ಏಳು."

"ಮನಸಾರೆ ಹೇಳ್ತಿದೀರಾ ಅತ್ತೆ?"

"ಮಂಡಿನೋವು ಇಟ್ಕೊಂಡು ಬಾಯ್ಮಾತಿಗೆ ಇಲ್ಲೀವರೆಗೂ ಬರ್ತೀನಾ?"

ಸಲೋಮಿ ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆಮೇಲೆ ಹೋಗಿ ಸಾಲಿನ ಕಟ್ಟಕಡೆಯಲ್ಲಿ ಮಂಡಿಯೂರಿದಳು. ಅಲ್ಲೇನು ಕೊಡುತ್ತಾರೋ ನೋಡೋಣವೆಂದು ಮುನಿಗಂಗಮ್ಮ ಕತ್ತು ಉದ್ದ ಮಾಡಿದರು. ಉಗುರಿನಷ್ಟಗಲದ ರೊಟ್ಟಿಯ ಚೂರು.

ಇಷ್ಟೇ ಇಷ್ಟಕ್ಕೆ ಮೂರು ತಿಂಗಳು ಹಸಿದಿದ್ದಳಲ್ಲ ಈ ಹುಡುಗಿ, ಎಂದುಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡರು.