ಸಂಜೆ ಆರು ಹನ್ನೆರಡರ ಕಮಿಟ್

“ನಿಮ್ಮ ಎರಡ ವರ್ಷದ ಕೆಲಸ ಎಲ್ಲಾ ಓದೀನ್ರಿ ನಾ.”

ಕೆಲಸಕ್ಕೆ ಸೇರಿದ ಮೂರನೇ ದಿನ ಸನ್ಮತಿ ಸಪನಾಳೊಂದಿಗೆ ಆಡಿದ ಮೊದಲ ಮಾತು ಇದು! ಅವಳ ಕೈಯಲ್ಲಿದ್ದ ಚಹದ ಕಪ್ಪು ಬಾಯಿಗೆ ಹೋಗದೆ ಅಲ್ಲೇ ನಿಂತಿತು.

“ಯಾಕ್ ಓದಿದ್ರಿ?”

“ಹಳೇದ ನೋಡಿ ಕಲಿ ಅಂದ್ರು ಸಾಹೇಬ್ರು.”

“ಹಳೇದು ಎಲ್ಲಾರದೂ ಐತಿ. ನನ್ನ ಹೆಸರ ಒಂದ ಹಾಕಿ ಯಾಕ್ ಹುಡುಕಿದ್ರಿ?”

ಕಾಗವಾಡದ ಆ ಹುಡುಗ ತಡವರಿಸಿದ. ಕಿವಿ ಕೆಂಪಾಯಿತು.

ಉತ್ತರ ಕೊಡದ ಗಂಡಸನ್ನು ಸಪನಾ ನಂಬುವವಳಲ್ಲ. ‘ನನ್ನ ತಪ್ಪು ಹೆಕ್ಕಾಕ ಬಂದಾನೇನು ಇವ?’

೨೦೧೪ರ ನವೆಂಬರ್. ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲೆ ಬಾಳಾಸಾಬನ ಸಣ್ಣ ಆಫೀಸು. ಯಾರ ಕಬ್ಬು ಯಾವಾಗ ಕಡಿಯಬೇಕು ಎಂಬ ಪಾಳಿಯ ಪಟ್ಟಿಯನ್ನು ಒಂದು ಸಕ್ಕರೆ ಕಾರ್ಖಾನೆಗೆ ಮಾಡಿಕೊಡುವ ಸಾಫ್ಟ್‌ವೇರ್ ಅಲ್ಲಿಯದು. ಅದರಲ್ಲಿ ಒಂದಕ್ಷರ ತಿದ್ದಿದರೂ ಗಿಟ್ ಎಂಬ ವ್ಯವಸ್ಥೆಯೊಳಗೆ ದಾಖಲಾಗುತ್ತಿತ್ತು. ಯಾರ ಹೆಸರು, ಯಾವ ದಿನ, ಎಷ್ಟು ಗಂಟೆ, ಏನು ಬದಲು, ಯಾಕೆ ಬದಲು ಎಂಬ ಒಂದು ಸಾಲಿನ ಕಾರಣ, ಎಲ್ಲ! ಅಂಥ ಒಂದೊಂದು ದಾಖಲೆಗೂ ಕಮಿಟ್ ಅನ್ನುತ್ತಿದ್ದರು. ಹೆಸರನ್ನೋ ತಾರೀಕನ್ನೋ ಕೊಟ್ಟು ಕೇಳಿದರೆ ಅಷ್ಟೇ ಸಾಲುಗಳು ಜರಡಿ ಹಿಡಿದಂತೆ ಉದುರುತ್ತಿದ್ದವು.

ಮೂರು ವಾರ ಸಪನಾ ಅವನ ಮೇಲೆ ಕಣ್ಣಿಟ್ಟಳು. ಎಷ್ಟಕ್ಕೆ ಬರುತ್ತಾನೆ, ಎಷ್ಟಕ್ಕೆ ಹೋಗುತ್ತಾನೆ, ಯಾರ ಜೊತೆ ಮಾತಾಡುತ್ತಾನೆ... ಅವನ ನಗು ಚೆನ್ನಾಗಿತ್ತು. ಸಂಶಯಕ್ಕೆ ಅದೂ ಒಂದು ಕಾರಣವಾಯಿತು!

ಒಂದು ಗುರುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂಗಾಟ ಕೇಳಿಸಿತು.

“ಯಾಂವ ಬೇ ಅಂವ, ನನ್ನ ಪಾಳಿ ತಿಂದಾಂವ?”

ದಿಗ್ಗೇವಾಡಿಯ ಅಕ್ಕುತಾಯಿ ಏದುಸಿರು ಬಿಡುತ್ತಾ ಒಳಗೆ ನುಗ್ಗಿದಳು. ಪಟ್ಟಿಯಲ್ಲಿ ಒಂಬತ್ತನೆಯದಾಗಿದ್ದ ಅವಳ ಹೊಲ ಎರಡೇ ದಿನದಲ್ಲಿ ನಲವತ್ತೇಳಕ್ಕೆ ಜಾರಿತ್ತು.

ಬಾಳಾಸಾಬ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. “ಮುಚ್ಚಿಡೂದೇನೈತಿ ಆಯಿ? ಮಂಗಳವಾರ ಪಟ್ಟಿ ಹಿಂದ ಮುಂದ ಮಾಡಿದಾಕಿ ಈ ಸಪನಾ. ಹೆಸರ ಇಲ್ಲೇ ಐತಿ ನೋಡ್ರಿ.”

“ನಾ ಮಾಡಿಲ್ಲ ಸರ್!”

“ಕಂಪ್ಯೂಟರ್ ಸುಳ್ಳ ಹೇಳತೈತೇನು? ನಾಳೆಯಿಂದ ಬರಬ್ಯಾಡ. ಕಾರ್ಖಾನ್ಯಾವ್ರಿಗೂ ತಿಳಸ್ತೀನಿ.”

ಕಾರ್ಖಾನೆಗೆ ತಿಳಿದರೆ ಸಪನಾಳ ಕತೆ ಮುಗಿಯಿತು. ರಾಯಬಾಗದಿಂದ ನಿಪ್ಪಾಣಿಯವರೆಗೆ ಯಾರೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ. ಕರೋಶಿಯಲ್ಲಿ ಅಪ್ಪ ದಶರಥ ಎದೆಯುಬ್ಬಿಸಿ ಹೇಳಿಕೊಳ್ಳುವ ಮಗಳ ನೌಕರಿಗೆ ಕಳ್ಳಿ ಎಂಬ ಹೆಸರು ಅಂಟುತ್ತದೆ.

ಆಗ ಸನ್ಮತಿ ಎದ್ದು ನಿಂತ.

“ಅದ ನಾ ಮಾಡಿದ್ದ್ರಿ. ಅವರ ಕಂಪ್ಯೂಟರಿಗೆ ಕುಂತಿದ್ದೆ. ಹೊಸಬ, ತಪ್ಪಾತು.”

ಬಾಳಾಸಾಬ ಒಂದು ಗಳಿಗೆ ಬೆಚ್ಚಿದ. ಫೋನು ಬಂದಂತೆ ಮಾಡಿ ಹೊರಗೆ ಹೋದ. “ನನ್ನ ಪಾಳಿ ಬರೂತನ ಇಲ್ಲಿಂದ ಏಳೂದಿಲ್ಲ!” ಎಂದು ಅಕ್ಕುತಾಯಿ ನೆಲಕ್ಕೇ ಕೂತಳು.

ಸಪನಾ ಸನ್ಮತಿಯ ಕಡೆ ತಿರುಗಿದಳು. “ಇದಕ್ಕೇನು ನೀವು ನನ್ನ ಕೆಲಸ ಎಲ್ಲಾ ಓದಿದ್ದು? ನನ್ನ ಹೆಸರಿನ್ಯಾಗ ಕಳವು ಮಾಡಾಕ?”

ಅವನು ತಲೆ ತಗ್ಗಿಸಿದ. ಅವಳು ಕಂಪ್ಯೂಟರಿಗೆ ಕೂತಳು. ಅವನ ಬಣ್ಣ ಬಯಲು ಮಾಡಿಯೇ ಏಳಬೇಕು!

ತನ್ನ ಹೆಸರು ಕೊಟ್ಟಳು. ಆರುನೂರ ಹನ್ನೆರಡು ಸಾಲು. ಮಂಗಳವಾರ ಅಂದಳು. ಎಂಟು. ಐದು ಗಂಟೆಯ ನಂತರ ಅಂದಳು. ಒಂದೇ ಒಂದು!

ಸಂಜೆ ಆರು ಹನ್ನೆರಡು.

ಐದೂವರೆಗೆ ಅವಳು ಕರೋಶಿಯ ಬಸ್ಸಿನಲ್ಲಿದ್ದಳು. ಮತ್ತೆ ಇವನು? ಸಪನಾಳ ಬೆರಳುಗಳು ನಿಂತವು. ಹೊತ್ತು ಮುಳುಗುವ ಮೊದಲು ಉಣ್ಣುವ ಜೈನರ ಹುಡುಗ. ಐದಕ್ಕೇ ಎದ್ದು ಸೋದರತ್ತೆ ಲಕ್ಷ್ಮಿಬಾಯಿಯ ಮನೆಗೆ ಹೋಗುತ್ತಾನೆ, ತಿರುಗಿ ಬರುವುದಿಲ್ಲ. ಮೂರು ವಾರದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಮಂಗಳವಾರ ಸಂಜೆ ಬಸ್ಸಿನ ಕಿಟಕಿಯಿಂದ, ಅತ್ತೆಯ ಮನೆ ಕಟ್ಟೆಯ ಮೇಲೆ ಅವನು ಕೈಕಾಲು ತೊಳೆಯುವುದನ್ನು ಕಂಡವಳು ತಾನೇ!

“ಸುಳ್ಳ ಹೇಳೀರಿ. ಆ ಹೊತ್ತಿಗೆ ನೀವ್ ಇಲ್ಲಿ ಇರಲೇ ಇಲ್ಲ. ಯಾರನ್ನ ಉಳಸಾಕತ್ತೀರಿ?”

“...ನಿಮ್ನ.”

“ಅಂದ್ರ... ನಾನ ಮಾಡೀನಿ ಅಂತ ತಿಳದ್ರಿ?”

“ಹೆಸರ ನಿಮ್ಮದಿತ್ತಲ್ರಿ. ಏನೋ ತ್ರಾಸಿನ್ಯಾಗ ಮಾಡಿರಬೇಕು ಅನ್ಕೊಂಡೆ...”

ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು ಅವಳಿಗೆ. ಅಳುವೂ ಬಂತು.

“ಎರಡ ವರ್ಷದ್ದು ಓದೀನಿ ಅಂದ್ರಿ! ಇದರ ಕೆಳಗ ಬರೇ ‘ಅಪ್‌ಡೇಟ್’ ಅಂತ ಐತಿ. ನಾ ಎಂದರ ಹಂಗ ಬರದೀನೇನು? ‘ಪಟ್ಟ್ಯಾಗ ಸತ್ತೆವ್ವ ಆಯಿ ಹೆಸರ ಎರಡ ಸಲ ಬಂದಿತ್ತು, ಫೋನಿನ್ಯಾಗ ಅತ್ತಳು, ಒಂದ ತೆಗೆದೀನಿ.’ ಹಿಂಗ ಬರಿಯಾಕಿ ನಾ!”

ಸನ್ಮತಿಯ ಮುಖ ಬಿಳಿಚಿತು. “ಹೌದಲಾ... ಗಾಬರಿಯಾಗ ಕಾರಣ ನೋಡಲೇ ಇಲ್ರಿ ನಾ.”

ಅವಳು ಆ ಕಮಿಟ್ಟನ್ನು ತೆರೆದಳು. ಒಂದೇ ಒಂದು ನಿಯಮ ಸೇರಿತ್ತು: ದಿಗ್ಗೇವಾಡಿಯ ಸರ್ವೆ ನಂಬರ್ ೨೧೨/೩ ಇದ್ದರೆ ಮೇಲಕ್ಕೆ ತಳ್ಳು, ಅಲ್ಲಿದ್ದವರನ್ನು ಅದರ ಜಾಗಕ್ಕೆ ಇಳಿಸು.

ಇಷ್ಟು ಹೊತ್ತು ಹೆಸರು ಹಿಡಿದು ಹುಡುಕಿದ್ದೇ ತಪ್ಪು ಅನಿಸಿತು. ಹೆಸರು ತೆಗೆದಳು. ಆ ನಂಬರನ್ನೇ ಕೊಟ್ಟಳು.

ಕಬ್ಬಿನ ಹಂಗಾಮು ಮುಗಿದ ಮೇಲೆ ಪ್ರತಿ ಮಾರ್ಚಿನಲ್ಲಿ ನಿಯಮ ತೆಗೆದ ಸಾಲುಗಳನ್ನು ಬಿಟ್ಟರೆ, ಸೇರಿಸಿದ್ದು ನಾಲ್ಕು ಸಲ. ನಾಲ್ಕೂ ನವೆಂಬರ್! ೨೦೧೧, ಬಾಳಾಸಾಬ. ೨೦೧೨, ರೂಪೇಶ. ೨೦೧೩, ಕಾಂಚನ. ೨೦೧೪, ಸಪನಾ.

ತಾನು ಸೇರುವ ಮೊದಲು ಇಲ್ಲಿದ್ದ ರೂಪೇಶನನ್ನು ಹೊರಗೆ ಹಾಕಿದ್ದು ಇದೇ ಕಾರಣಕ್ಕೆ ಎಂದು ಕೇಳಿದ್ದಳು. ಹೋದ ವರ್ಷ ತನ್ನ ಜೊತೆ ಕೆಲಸಕ್ಕಿದ್ದ ಕಾಂಚನ ಅಳುತ್ತಾ ಮೆಟ್ಟಿಲು ಇಳಿದದ್ದನ್ನು ಕಣ್ಣಾರೆ ಕಂಡಿದ್ದಳು. ‘ಕಳ್ಳಿ’ ಎಂದುಕೊಂಡು ತಾನೂ ಮುಖ ತಿರುಗಿಸಿದ್ದಳಲ್ಲ! ಯಾರ ಕಂಪ್ಯೂಟರಿಗೆ ಕೂತರೂ ಆ ಕಂಪ್ಯೂಟರಿನವರ ಹೆಸರೇ ಬೀಳುತ್ತದೆ. ಎಲ್ಲರೂ ಹೋದ ಮೇಲೆ ಆಫೀಸಿನ ಕೀಲಿ ಇರುತ್ತಿದ್ದದ್ದು ಬಾಳಾಸಾಬ ಒಬ್ಬನ ಹತ್ತಿರ.

ಬಾಳಾಸಾಬ ಒಳಗೆ ಬರುವುದಕ್ಕೂ ಸಪನಾ ಗಟ್ಟಿಯಾಗಿ ಕೇಳುವುದಕ್ಕೂ ಸರಿಹೋಯಿತು. “ಆಯಿ, ದಿಗ್ಗೇವಾಡಿಯ ೨೧೨/೩ ಯಾರ ಹೊಲ?”

“ನನ್ನ ಬದುವಿಗಿ ಹತ್ತಿದ್ದು. ಭೀಮಗೊಂಡಂದು.” ಅಕ್ಕುತಾಯಿ ಕಣ್ಣರಳಿಸಿದಳು. “ಏ ಬಾಳಾಸಾಬಾ! ನಿನಗ ಹೆಣ್ಣ ಕೊಟ್ಟ ಮಾವ ಅಲ್ಲೇನಪಾ ಅಂವ?”

ಬಾಳಾಸಾಬ ಒಂದು ಹೆಜ್ಜೆ ಹಿಂದಕ್ಕೆ ಸರಿದ. “ಅದು... ಕಂಪ್ಯೂಟರದ್ದು ಏನೋ...”

“ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ ಅಂದ್ರಿ?” ಸಪನಾ ಎದ್ದಳು. “ಈಗ ನಿಮ್ಮ ಕಂಪ್ಯೂಟರಿಗೆ ಕುಂದರ್ರಿ. ನಿಮ್ಮ ಹೆಸರಿನ್ಯಾಗ ತೆಗೀರಿ ಅದನ್ನ. ಯಾಕ್ ತೆಗೆದೀರಿ ಅಂತನೂ ಬರೀರಿ.”

“ಬರಿ ಬರಿ, ನಾ ನೋಡ್ತೀನಿ!” ಎಂದು ಅಕ್ಕುತಾಯಿ ಅವನ ಹೆಗಲ ಮೇಲೆ ಬಗ್ಗಿ ನಿಂತಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಅದು ಬಾಳಾಸಾಬನಿಗೆ ಗೊತ್ತಿರಲಿಲ್ಲ. ಅವನು ನಿಯಮ ತೆಗೆದು ಕಾರಣ ಬರೆದ, ಅವಳ ಹೊಲ ಮತ್ತೆ ಒಂಬತ್ತಕ್ಕೆ ಬಂತು.

ನಾಲ್ಕು ನವೆಂಬರಿನ ಆ ಸಾಲುಗಳನ್ನು ಕಾಗದಕ್ಕೆ ಇಳಿಸಿ ಕಾರ್ಖಾನೆಯ ಕಚೇರಿಗೆ ಕೊಟ್ಟು, ಕಾಂಚನಳಿಗೆ ಫೋನು ಮಾಡಿ ಕ್ಷಮೆ ಕೇಳಿ, ಸಪನಾ ಬಸ್ ಸ್ಟ್ಯಾಂಡಿಗೆ ಬಂದಳು. ಸನ್ಮತಿ ಹಿಂದೆಯೇ ಬಂದ.

“ಇನ್ನೂ ಸಿಟ್ಟ ಐತೇನ್ರಿ?”

“ಐತಿ. ನಾ ತಪ್ಪ ಮಾಡೀನಿ ಅಂತ ತಿಳದು ನನ್ನ ಕಡೆ ನಿಂತ್ರಿ. ಮಾಡಿಲ್ಲ ಅಂತ ನಂಬಿ ನಿಲ್ಲಬೇಕಿತ್ತು!”

“ಈಗ ನಂಬೀನಲ್ರಿ.”

“ಈಗ ಊರೆಲ್ಲಾ ನಂಬತೈತಿ. ಪುರಾವೆ ಸಿಕ್ಕೈತಿ!”

ಕರೋಶಿಯ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ.

“ಹಂಗಾರ ಪುರಾವೆ ಇಲ್ಲದ ಮಾತ ಒಂದ ಹೇಳ್ತೀನಿ, ನಂಬ್ತೀರೇನು?”

“ಹೇಳ್ರಿ ನೋಡೂಣು.”

“ಕೆಲಸ ಕಲೀಲಿಕ್ಕಂತ ಓದಾಕ ಹತ್ತಿದೆ. ಆ ಸತ್ತೆವ್ವ ಅತ್ತದ್ದನ್ನ ಬರದಾಕಿ ಎಂಥಾಕಿ ಇರಬಹುದು ಅಂತ ಅನಿಸ್ತು... ಆಮ್ಯಾಲೆ ಕೆಲಸ ಕಲಿಯೂದ ಮರತ್ನಿ. ಜಾತಿ ಬ್ಯಾರೆ ಅಂತ ನಮ್ಮ ಮನ್ಯಾಗೂ ಗದ್ದಲ ಆಗತೈತಿ, ನಿಮ್ಮ ಮನ್ಯಾಗೂ ಆಗತೈತಿ. ಆದ್ರೂ ನೀವ್ ಬೇಕ್ರಿ ನನಗ. ಜೀವನಪೂರ್ತಿ.”

ಸಪನಾ ಅವನ ಕಣ್ಣನ್ನೇ ನೋಡಿದಳು. ಹುಡುಕಿದಳು, ಮತ್ತೆ ಹುಡುಕಿದಳು. ಅಲ್ಲಿ ಸಂಶಯಕ್ಕೆ ಏನೂ ಸಿಗಲಿಲ್ಲ.

“ನಂಬೀನಿ...” ಎಂದಳು. “ಆದ್ರ ನಾಳೆ ಮತ್ತ ಕೇಳ್ತೀನಿ.”

“ಯಾಕ್ರಿ?”

“ಇದ ಮಾತ ಬರತೈತೋ ಇಲ್ಲೋ ನೋಡಬೇಕಲ್ಲ!”

“ದಿನಾ ಕೇಳ್ರಿ” ಎಂದ ಸನ್ಮತಿ. “ದಿನಾ ಹೇಳ್ತೀನಿ.”